ಮನ್ನಣೆಯೂ ಮರ್ಯಾದೆಯೂ: ಆಟ, ವಿದ್ಯೆ, ಕಲೆಗಳಲ್ಲಿ ಗೌರವದ ಕಲ್ಪನೆ

ಕನ್ನಡದಲ್ಲಿ ಗೌರವವನ್ನು ಸೂಚಿಸುವ ಮಾತುಗಳು ಹಲವು. ಗೌರವ, ಮರ್ಯಾದೆ, ಮಾನ, ಮನ್ನಣೆ ಎಂಬ ನಾಲ್ಕನ್ನು ನಾವು ದಿನಬಳಕೆಯಲ್ಲಿ ಒಂದರ ಬದಲು ಇನ್ನೊಂದನ್ನು ಆಡುತ್ತೇವಾದರೂ ಅವುಗಳ ಮೂಲಾರ್ಥಗಳು ಒಂದೇ ಅಲ್ಲ. 'ಗೌರವ'ವು 'ಗುರು' ಶಬ್ದದಿಂದ ಹುಟ್ಟಿದ್ದು. ಭಾರ, ತೂಕ ಎಂಬುದು ಅದರ ಮೊದಲ ಅರ್ಥ. 'ಮಾನ'ವೆಂದರೆ ಅಳತೆ. 'ಮರ್ಯಾದೆ'ಯೆಂದರೆ ಎಲ್ಲೆ, ಗಡಿ, ಸಮುದ್ರದ ದಡ. 'ಮನ್ನಣೆ'ಯು 'ಮನ್ನಿಸು' ಎಂಬುದರಿಂದ ಬಂದದ್ದು; ಮನ್ನಿಸುವುದೆಂದರೆ ಆದರಿಸುವುದೂ ಹೌದು, ಕ್ಷಮಿಸುವುದೂ ಹೌದು. ಮೇಲೆ ಕುಳಿತವರು ಕೆಳಗೆ ನಿಂತವರಿಗೆ ದಯಪಾಲಿಸುವ ವಸ್ತುವೆಂಬ ಛಾಯೆ ಆ ಪದಕ್ಕೆ ಇಂದಿಗೂ ಅಂಟಿಕೊಂಡಿದೆ.

ಈ ಅರ್ಥಭೇದಗಳು ನಿಘಂಟಿನ ಪುಟಗಳಲ್ಲಿ ಮಾತ್ರ ಉಳಿದವಲ್ಲ. ಒಬ್ಬ ಮನುಷ್ಯನ ಕೌಶಲಕ್ಕೆ ಮನ್ನಣೆ ದೊರೆತೂ ಮರ್ಯಾದೆಯೆಂಬ ಎಲ್ಲೆಗೆರೆ ಅವನನ್ನು ಹೊರಗೇ ನಿಲ್ಲಿಸಬಹುದು. ಹಾಗೆ ನಿಲ್ಲಿಸಿದ ಉದಾಹರಣೆಗಳು ನಮ್ಮ ದೇಶದ ಚರಿತ್ರೆಯಲ್ಲಿ ವಿರಳವಲ್ಲ. ಆಟ, ವಿದ್ಯೆ, ಕಲೆ ಎಂಬ ಮೂರು ಕ್ಷೇತ್ರಗಳಲ್ಲಿ ಗುಣಕ್ಕೇ ಬೆಲೆ, ಹುಟ್ಟಿಗಲ್ಲ ಎಂಬ ಮಾತನ್ನು ನಾವು ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇವೆ. ಆ ಮಾತು ಎಷ್ಟರಮಟ್ಟಿಗೆ ನಿಜವಾಯಿತು, ಯಾವ ಕ್ರಮದಲ್ಲಿ ನಿಜವಾಯಿತು, ಎಲ್ಲಿ ತಡೆದು ನಿಂತಿತು ಎಂಬುದನ್ನು ಮುಂಬಯಿಗೂ ಧಾರವಾಡಕ್ಕೂ ಸಂಬಂಧಪಟ್ಟ ಕೆಲವು ಜೀವನಗಳ ಆಧಾರದಿಂದ ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

೧

ಈ ವಿಚಾರಕ್ಕೆ ದಾದರಿಗಿಂತ ತಕ್ಕ ಸ್ಥಳ ಬೇರೊಂದಿಲ್ಲ. ದಾದರಿನ ಪೂರ್ವಭಾಗದ ಹಿಂದೂ ಕಾಲೊನಿಯಲ್ಲಿ ಡಾಕ್ಟರ್ ಬಾಬಾಸಾಹೇಬ ಅಂಬೇಡ್ಕರರು ತಮ್ಮ ಗ್ರಂಥಭಂಡಾರಕ್ಕೆ ಎಡೆಮಾಡಿಕೊಡಲೆಂದೇ ೧೯೩೦ರ ದಶಕದ ಆದಿಯಲ್ಲಿ ಕಟ್ಟಿಸಿದ 'ರಾಜಗೃಹ'ವಿದೆ. ರೈಲುಹಳಿಯನ್ನು ದಾಟಿ ಪಶ್ಚಿಮಕ್ಕೆ ನಡೆದರೆ ೧೯೨೫ರಲ್ಲಿ ಸಾರ್ವಜನಿಕರಿಗೆ ತೆರವಾದ ಶಿವಾಜಿ ಪಾರ್ಕ್ ಮೈದಾನ. ಮುಂಬಯಿಯ ಕ್ರಿಕೆಟ್ ವಿದ್ಯೆಯ ಗುರುಕುಲಗಳಲ್ಲಿ ಅದೊಂದು. ಮೈದಾನದಾಚೆ ಕಡಲತಡಿಯಲ್ಲಿ, ೧೯೫೬ರ ಡಿಸೆಂಬರ್ ೭ರಂದು ಅಂಬೇಡ್ಕರರ ಅಂತ್ಯಸಂಸ್ಕಾರ ನಡೆದ ಚೈತ್ಯಭೂಮಿ. ಅಲ್ಲಿಂದ ದಕ್ಷಿಣಕ್ಕೆ ಹೊರಳಿ ಸ್ವಲ್ಪ ದೂರ ಸಾಗಿದರೆ ಪ್ರಭಾದೇವಿಯಲ್ಲಿ 'ಪಿ. ಬಾಳೂ ಮಾರ್ಗ' ಎಂಬ ರಸ್ತೆ. ಆ ರಸ್ತೆಯಲ್ಲಿ ನಿತ್ಯವೂ ಓಡಾಡುವವರಲ್ಲಿ ಆ ಬಾಳೂ ಯಾರೆಂಬುದನ್ನು ಬಲ್ಲವರು ಹೆಚ್ಚಿರಲಾರರು. ಅವರು ಧಾರವಾಡದಲ್ಲಿ ಹುಟ್ಟಿದವರೆಂಬುದನ್ನು ಬಲ್ಲ ಕನ್ನಡಿಗರಂತೂ ಇನ್ನೂ ಕಡಿಮೆ.

ದಾದರಿಗೂ ಬಾಳೂ ಅವರ ಬಾಳಿಗೂ ಒಂದೇ ಮಹಾಮಾರಿ ಕಾರಣವಾದುದು ಗಮನಿಸತಕ್ಕ ಸಂಗತಿ. ೧೮೯೬ರಲ್ಲಿ ಪ್ಲೇಗು ಮುಂಬಯಿಯನ್ನು ಹೊಕ್ಕು ಇಕ್ಕಟ್ಟಾದ ಕೇರಿಗಳನ್ನು ಹಾಳುಗೆಡವಿತು. ಅದರ ಫಲವಾಗಿ ೧೮೯೮ರಲ್ಲಿ ನಗರ ಸುಧಾರಣಾ ಟ್ರಸ್ಟು ಸ್ಥಾಪಿತವಾಗಿ, ಗಾಳಿ ಬೆಳಕುಗಳಿಗೆ ಅವಕಾಶವುಳ್ಳ ದಾದರ್ ಮಾಟುಂಗಾ ಬಡಾವಣೆಗಳ ಯೋಜನೆ ರೂಪುಗೊಂಡಿತು. ಅದೇ ಪ್ಲೇಗಿನ ಹಾವಳಿಯ ದಿನಗಳಲ್ಲಿ ಬಾಳೂ ಅವರು ಪುಣೆಯನ್ನು ಬಿಟ್ಟು ಮುಂಬಯಿಗೆ ಬಂದರು. ಊರನ್ನು ಕಟ್ಟುವವರು ಹೊಸ ಎಲ್ಲೆಗಳನ್ನು ಗುರುತಿಸುತ್ತಿದ್ದ ಕಾಲದಲ್ಲಿಯೇ ಹಳೆಯ ಎಲ್ಲೆಯೊಂದನ್ನು ದಾಟಬೇಕಾದ ಮನುಷ್ಯ ಆ ಊರನ್ನು ಪ್ರವೇಶಿಸಿದ್ದರು.

೨

ಪಾಳವಣಕರ ಬಾಳೂ ಅವರ ಜನನ ೧೮೭೬ರ ಮಾರ್ಚ್ ತಿಂಗಳಲ್ಲಿ, ಧಾರವಾಡದಲ್ಲಿ. ಮನೆತನದ ಹೆಸರು ಕೊಂಕಣದ ಪಾಳವಣ ಎಂಬ ಹಳ್ಳಿಯಿಂದ ಬಂದುದು. ಜಾತಿಯಿಂದ ಚಮ್ಮಾರರು, ತಂದೆ ಸೈನ್ಯದಲ್ಲಿ ಸಿಪಾಯಿ. ಮನೆಮಾತು ಕನ್ನಡವಲ್ಲವಾದ್ದರಿಂದ ಅವರನ್ನು ನಮ್ಮವರೆಂದು ಅವಸರದಿಂದ ಹೇಳಿಕೊಳ್ಳುವುದು ಉಚಿತವಲ್ಲ. ಆದರೆ ಆಗಿನ ಧಾರವಾಡವು ಮುಂಬಯಿ ಪ್ರಾಂತದ ಅಂಗವಾಗಿತ್ತೆಂಬುದನ್ನೂ, ಪುಣೆ ಧಾರವಾಡ ಮುಂಬಯಿಗಳ ನಡುವೆ ಸಿಪಾಯಿಗಳು, ವಿದ್ಯಾರ್ಥಿಗಳು, ಗಾಯಕರು, ನಟರು ಎಡೆಬಿಡದೆ ಸಂಚರಿಸುತ್ತಿದ್ದರೆಂಬುದನ್ನೂ ನೆನೆದರೆ, ಈ ಚರಿತ್ರೆಗೆ ನಾವು ತೀರ ಹೊರಗಿನವರಲ್ಲವೆಂಬುದು ತಿಳಿದೀತು.

ಪುಣೆಯಲ್ಲಿ ಅಣ್ಣತಮ್ಮಂದಿರು ಸೈನ್ಯಾಧಿಕಾರಿಗಳು ಬಿಟ್ಟುಹೋದ ದಾಂಡು ಚೆಂಡುಗಳಿಂದ ಆಟವನ್ನು ಕಲಿತರು. ಬಾಳೂ ಅವರ ಮೊದಲ ಉದ್ಯೋಗ ಪಾರಸಿಗಳ ಕ್ಲಬ್ಬೊಂದರಲ್ಲಿ ಅಂಗಳವನ್ನು ಗುಡಿಸಿ ಉರುಳುಗಲ್ಲು ಎಳೆಯುವುದು. ಸಂಬಳ ತಿಂಗಳಿಗೆ ೩ ರೂಪಾಯಿ. ೧೮೯೨ರ ಸುಮಾರಿಗೆ ಯುರೋಪಿಯನ್ನರ ಪುಣೆ ಕ್ಲಬ್ಬಿಗೆ ಸೇರಿದಾಗ ಅದು ೪ ರೂಪಾಯಿಯಾಯಿತು. ಅಲ್ಲಿ ಬಲೆಕಟ್ಟಿ ಅಭ್ಯಾಸ ಮಾಡುವ ಆಂಗ್ಲರಿಗೆ ಚೆಂಡೆಸೆಯುವ ಅವಕಾಶ ದೊರೆಯಿತು. ಗ್ರೆಗ್ ಎಂಬ ಹೆಸರಾಂತ ಬ್ಯಾಟುಗಾರರು ತಾವು ಔಟಾದಾಗಲೆಲ್ಲ ಬಾಳೂ ಅವರಿಗೆ ಎಂಟಾಣೆ ಕೊಡುತ್ತಿದ್ದರೆಂಬ ಕಥೆ ಪ್ರಚಲಿತವಾಗಿದೆ. ಎಡಗೈಯ ನಿಧಾನದ ಎಸೆತ, ಎರಡು ಕಡೆಗೂ ತಿರುಗುವ ಚೆಂಡು, ವೇಗದಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮ ವ್ಯತ್ಯಾಸ; ಇವು ಆ ಬಲೆಗಳಲ್ಲಿ ಪಕ್ವವಾದ ವಿದ್ಯೆಗಳು. ಆದರೆ ಇಷ್ಟು ಕಾಲ ಚೆಂಡೆಸೆದರೂ ಅಲ್ಲಿ ಅವರ ಕೈಗೆ ದಾಂಡು ಬರಲಿಲ್ಲ. ದಾಂಡು ಧಣಿಯದು, ಚೆಂಡು ದುಡಿಯುವವನದು. ಆಟದೊಳಗೂ ಒಂದು ವರ್ಣವ್ಯವಸ್ಥೆಯಿತ್ತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಡ.

ಪುಣೆಯ ಹಿಂದೂಗಳಿಗೆ ಯುರೋಪಿಯನ್ನರನ್ನು ಸೋಲಿಸುವ ಹಂಬಲವಿತ್ತು. ಅದು ಬಾಳೂ ಇಲ್ಲದೆ ಆಗುವ ಮಾತಲ್ಲ. ಹಾಗೆಂದು ಅವರನ್ನು ತಂಡಕ್ಕೆ ಸೇರಿಸಿಕೊಂಡರು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟಿದರು. ಚಹದ ಹೊತ್ತಿಗೆ ಮಾತ್ರ ಉಳಿದವರು ಒಳಗೆ ಪಿಂಗಾಣಿ ಬಟ್ಟಲುಗಳಲ್ಲಿ ಕುಡಿಯುತ್ತಿರಲು ಬಾಳೂ ಅವರಿಗೆ ಹೊರಗೆ, ಕುಡಿದು ಬಿಸುಡುವ ಮಣ್ಣಿನ ಕುಡಿಕೆಯಲ್ಲಿ ಚಹ ಬರುತ್ತಿತ್ತು. ಊಟಕ್ಕೆ ಬೇರೆಯ ಮೇಜು. ಮುಖ ತೊಳೆಯಲು ನೀರು ತರುವವನೂ ಅಸ್ಪೃಶ್ಯ ಸೇವಕನೇ. ಚೆಂಡಿನ ಮೂಲಕ ಸಾಗದ ಮೈಲಿಗೆ ಬಟ್ಟಲಿನ ಮೂಲಕ ಸಾಗುತ್ತದೆಂಬ ಈ ನಂಬಿಕೆಯಲ್ಲಿ ಶಾಸ್ತ್ರವೂ ಇಲ್ಲ, ತರ್ಕವೂ ಇಲ್ಲ, ಲಾಭದ ಲೆಕ್ಕವಿದೆ. ಗೆಲುವಿಗೆ ಬೇಕಾದಷ್ಟು ಎಲ್ಲೆಯನ್ನು ಸಡಿಲಿಸಿ, ಗೆಲುವಿಗೆ ಬೇಡವಾದಲ್ಲಿ ಅದನ್ನು ಬಿಗಿಮಾಡಿದರು. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು ಈ ವಿಸಂಗತಿಯನ್ನು ಕಂಡು, ಜೊತೆಗೆ ಆಡಬಹುದಾದರೆ ಜೊತೆಗೆ ಉಣ್ಣಲೂ ಬಹುದೆಂಬ ಅಭಿಪ್ರಾಯವನ್ನು ಬಹಿರಂಗವಾಗಿ ತಿಳಿಸಿದರು.

೩

ಮುಂಬಯಿಯಲ್ಲಿ ೧೮೯೪ರಲ್ಲಿ ಸ್ಥಾಪಿತವಾದ ಪರಮಾನಂದದಾಸ ಜೀವನದಾಸ ಹಿಂದೂ ಜಿಮಖಾನೆಗೆ ಬಾಳೂ ಅವರನ್ನು ಸೇರಿಸುವಾಗಲೂ ಕೆಲವು ಸದಸ್ಯರ ವಿರೋಧ ಬಂದಿತು. ಆದರೆ ಅದು ನಿಲ್ಲಲಿಲ್ಲ. ಬಾಂಬೆ ಬರೋಡಾ ಆಂಡ್ ಸೆಂಟ್ರಲ್ ಇಂಡಿಯಾ ರೈಲ್ವೆಯಲ್ಲಿ ಅವರಿಗೆ ನೌಕರಿಯೂ ದೊರೆತು, ಆ ಸಂಸ್ಥೆಯ ತಂಡದ ಪರವಾಗಿಯೂ ಆಡಿದರು. ತಮ್ಮಂದಿರಾದ ಶಿವರಾಮ, ಗಣಪತ, ವಿಠ್ಠಲ ಇವರೂ ಒಬ್ಬರಾದ ಮೇಲೊಬ್ಬರು ಆಟಗಾರರಾಗಿ ಬೆಳೆದರು.

೧೯೦೬ರ ಫೆಬ್ರವರಿಯಲ್ಲಿ ಹಿಂದೂ ತಂಡವು ಯುರೋಪಿಯನ್ನರನ್ನು ಎದುರಿಸಿತು. ಹಿಂದೂಗಳು ಮೊದಲ ಸರದಿಯಲ್ಲಿ ೨೪೨, ಎರಡನೆಯದರಲ್ಲಿ ೧೬೦ ಓಟಗಳನ್ನು ಗಳಿಸಿದರು. ಯುರೋಪಿಯನ್ನರದು ೧೯೧ ಮತ್ತು ೧೦೨. ಹೀಗೆ ೧೦೯ ಓಟಗಳ ವಿಜಯ. ಬಾಳೂ, ಶಿವರಾಮ ಇಬ್ಬರೂ ಆ ತಂಡದಲ್ಲಿದ್ದರು. ಮರುವರ್ಷಗಳ ರಾಜಕೀಯ ಚಳವಳಿಯ ಮುನ್ನವೇ ಆಳುವವರನ್ನು ಅವರದೇ ಆಟದಲ್ಲಿ ಮಣಿಸಿದ ಈ ಪಂದ್ಯ ದೇಶದಲ್ಲೆಲ್ಲ ಮಾತಾಯಿತು. ಅದಕ್ಕಿಂತ ಮುಖ್ಯವಾಗಿ 'ಇಂಡಿಯನ್ ಸೋಶಿಯಲ್ ರಿಫಾರ್ಮರ್' ಪತ್ರಿಕೆಯು ಓಟಗಳ ಎಣಿಕೆಯನ್ನು ಬದಿಗಿಟ್ಟು ಬೇರೊಂದನ್ನು ಎತ್ತಿ ಹಿಡಿಯಿತು: ಪುಣೆಯಲ್ಲಿ ಹೊರಗೆ ಕೂರಿಸಲಾದವರೊಡನೆ ಮುಂಬಯಿಯ ಆಟಗಾರರು ಒಂದೇ ಪಂಕ್ತಿಯಲ್ಲಿ ಕುಳಿತು ಉಂಡಿದ್ದರು.

ಪುಣೆಯಲ್ಲಾಗದುದು ಮುಂಬಯಿಯಲ್ಲಿ ಹೇಗಾಯಿತೆಂಬ ಪ್ರಶ್ನೆ ಇಲ್ಲಿ ಏಳುವುದು ಸಹಜ. ಮುಂಬಯಿಯ ಜನ ಪುಣೆಯವರಿಗಿಂತ ಉದಾರಿಗಳೆಂದು ಹೇಳಿ ಮುಗಿಸುವುದು ಸುಲಭ. ಆದರೆ ಅದು ಚರಿತ್ರಕಾರನಿಗೆ ಸಾಲದು. ಕಾರಣಗಳು ಮೂರೆಂದು ತೋರುತ್ತದೆ. ಮೊದಲನೆಯದು ಪೈಪೋಟಿ; ಪಾರಸಿಗಳೂ ಯುರೋಪಿಯನ್ನರೂ ಎದುರಿಗಿದ್ದ ನಗರದಲ್ಲಿ ಹಿಂದೂ ತಂಡಕ್ಕೆ ತನ್ನ ಅತ್ಯುತ್ತಮ ಬೌಲರನ್ನು ಕಳೆದುಕೊಳ್ಳುವ ಸೌಕರ್ಯವಿರಲಿಲ್ಲ. ಎರಡನೆಯದು ಸಂಬಳ; ರೈಲ್ವೆಯಂತಹ ಉದ್ಯೋಗದಲ್ಲಿದ್ದ ಮನುಷ್ಯನು ಊರಗೌಡರ ಅಥವಾ ಕೇರಿಯ ಹಿರಿಯರ ಹಂಗಿನಲ್ಲಿರಲಿಲ್ಲ. ಮೂರನೆಯದು ನಗರದ ಒತ್ತಡ. ರೈಲಿನ ಡಬ್ಬಿಯಲ್ಲಿ, ಗಿರಣಿಯ ಬಾಗಿಲಲ್ಲಿ, ಹೋಟೆಲಿನ ಬೆಂಚಿನ ಮೇಲೆ ಪಕ್ಕದಲ್ಲಿ ಕುಳಿತವನ ಕುಲವನ್ನು ವಿಚಾರಿಸುತ್ತ ಕೂರಲು ಮುಂಬಯಿಯಲ್ಲಿ ಯಾರಿಗೂ ವೇಳೆಯಿರಲಿಲ್ಲ. ಹಗಲು ಹೋಟೆಲುಗಳಲ್ಲಿ ದುಡಿದು ಇರುಳು ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತ ನಮ್ಮ ಕರಾವಳಿಯ ತರುಣರಿಗೂ ಈ ನಗರವು ಮಾಡಿದ ಉಪಕಾರ ಇದೇ ಬಗೆಯದು. ಅದು ಅವರನ್ನು ಆದರಿಸಿತೆಂದು ಹೇಳಲಾಗದು. ಅವರ ಹಿಂದಿನದನ್ನು ಕೇಳಲಿಲ್ಲವೆಂದಷ್ಟೇ ಹೇಳಬಹುದು. ಕೆಲವು ಸಂದರ್ಭಗಳಲ್ಲಿ ಗೌರವದ ಆರಂಭ ಅಷ್ಟರಿಂದಲೇ ಆಗುತ್ತದೆ.

೪

೧೯೧೧ರಲ್ಲಿ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗರ ನಾಯಕತ್ವದಲ್ಲಿ ಅಖಿಲ ಭಾರತ ತಂಡವು ಇಂಗ್ಲೆಂಡಿಗೆ ಹೋಯಿತು. ತಂಡ ಸೋತ ಪಂದ್ಯಗಳೇ ಹೆಚ್ಚು. ಬಾಳೂ ಅವರು ಮಾತ್ರ ಎಲ್ಲ ಪಂದ್ಯಗಳನ್ನೂ ಸೇರಿಸಿ ೧೧೪ ವಿಕೆಟ್ಟುಗಳನ್ನು ಗಳಿಸಿದರು. ಒಂದೊಂದಕ್ಕೆ ತೆತ್ತ ಓಟಗಳು ಸರಾಸರಿ ೧೮.೮೪. ಆಗ ಅವರ ವಯಸ್ಸು ೩೫. ಅವರು ಆಡಿದ ಪ್ರಥಮ ದರ್ಜೆಯ ೩೩ ಪಂದ್ಯಗಳಲ್ಲಿ ೧೭೯ ವಿಕೆಟ್ಟುಗಳೂ ೧೫.೨೧ರ ಸರಾಸರಿಯೂ ದಾಖಲಾಗಿವೆ. ಯೋಗ್ಯತೆಯನ್ನು ಸಾಬೀತುಪಡಿಸಿದವರಿಗೆ ಗೌರವ ತಾನಾಗಿ ಬರುತ್ತದೆಂದು ವಾದಿಸುವವರ ಮುಂದೆ ಈ ಅಂಕಿಗಳನ್ನು ಇಟ್ಟು, ಮುಂದೇನಾಯಿತೆಂಬುದನ್ನು ತಿಳಿಸಬೇಕಾಗಿದೆ.

ಮುಂದಾದುದು ಇಷ್ಟು. ೧೯೧೨ರಿಂದ ಮುಸ್ಲಿಮರ ತಂಡವೂ ಸೇರಿ ಪಂದ್ಯಾವಳಿ ಚತುಷ್ಕೋಣವಾಯಿತು. ವರ್ಷವರ್ಷವೂ ಹಿಂದೂ ತಂಡಕ್ಕೆ ನಾಯಕನನ್ನು ಆರಿಸುವಾಗ ಎಲ್ಲರಿಗಿಂತ ಹಿರಿಯರೂ ಅನುಭವಿಗಳೂ ಆದ ಬಾಳೂ ಅವರ ಹೆಸರನ್ನು ದಾಟಿಹೋಗುತ್ತಿದ್ದರು. ೧೯೧೩ರಲ್ಲಿ ನಾಯಕರಾದ ಎಂ. ಡಿ. ಪೈ ಅವರು ತಮ್ಮ ಸನ್ಮಾನ ಸಮಾರಂಭದಲ್ಲಿಯೇ ಎದ್ದುನಿಂತು, ಈ ಪದವಿ ಸಲ್ಲಬೇಕಾದುದು ಹಿರಿಯರಾದ ತಮ್ಮ ಮಿತ್ರ ಬಾಳೂ ಅವರಿಗೆ ಎಂದು ಹೇಳಿದರು. ತನಗೆ ಹಾಕಿದ ಹಾರ ಇನ್ನೊಬ್ಬರದೆಂದು ಸಭೆಯಲ್ಲಿ ಒಪ್ಪಿಕೊಳ್ಳುವ ಧೈರ್ಯ ಅಂದಿಗೂ ಇಂದಿಗೂ ದುರ್ಲಭ. ಆ ಧೈರ್ಯದಿಂದಲೂ ಆಯ್ಕೆ ಸಮಿತಿ ಕದಲಲಿಲ್ಲ.

೧೯೨೦ರಲ್ಲಿ ಪೈ ಅವರು ಅಸ್ವಸ್ಥರಾದಾಗ ಬಾಳೂ ಅವರನ್ನು ತಂಡದಿಂದಲೇ ಬಿಟ್ಟು ನಾಯಕತ್ವವನ್ನು ಡಿ. ಬಿ. ದೇವಧರರಿಗೆ ವಹಿಸಲಾಯಿತು. ವಿಠ್ಠಲ, ಶಿವರಾಮರು ಇದನ್ನು ಸಹಿಸದೆ ತಂಡದಿಂದ ಹೊರಬಂದು, ಹೊರಬಂದ ಕಾರಣವನ್ನು ಪತ್ರಮುಖೇನ ಸಾರ್ವಜನಿಕರಿಗೆ ತಿಳಿಸಿದರು. ಸಂಧಾನ ನಡೆದು, ಪೈ ಅವರು ಮರಳಿ ನಾಯಕರಾಗಿಯೂ ಬಾಳೂ ಅವರು ಉಪನಾಯಕರಾಗಿಯೂ ನೇಮಿತರಾದರು. ಪಾರಸಿಗಳ ಎದುರಿನ ಅಂತಿಮ ಪಂದ್ಯದಲ್ಲಿ ಪೈ ಅವರು ಬೇಕೆಂದೇ ಕೆಲಹೊತ್ತು ಮೈದಾನವನ್ನು ಬಿಟ್ಟು ಹೋದರು. ಆಗ ತಂಡವನ್ನು ನಡೆಸುವ ಭಾರ ಬಾಳೂ ಅವರ ಮೇಲೆ ಬಂದಿತು. ಮೊದಲಿಗೆ ಹೇಳಿದಂತೆ ಗೌರವವೆಂದರೆ ಭಾರ. ಆ ಭಾರವನ್ನು ಹೊರುವ ಅವಕಾಶ ಅವರಿಗೆ ದೊರೆತದ್ದು ತನ್ನ ಕೊನೆಯ ಪಂದ್ಯಾವಳಿಯಲ್ಲಿ, ಸ್ನೇಹಿತನೊಬ್ಬನು ಹೂಡಿದ ಉಪಾಯದಿಂದ, ಕೆಲವು ಗಳಿಗೆಗಳ ಮಟ್ಟಿಗೆ.

ಆ ವೇಳೆಗೆ ದೇಶದ ಗಾಳಿ ಬದಲಾಗುತ್ತಿತ್ತು. ೧೯೨೦ರ ಕೊನೆಯಲ್ಲಿ ನಾಗಪುರದಲ್ಲಿ ಕೂಡಿದ ಕಾಂಗ್ರೆಸ್ಸು ಅಸ್ಪೃಶ್ಯತೆಯನ್ನು ತೊಡೆದುಹಾಕಬೇಕೆಂದು ಕರೆಯಿತ್ತಿತು. ೧೯೨೩ರಲ್ಲಿ ಕಿರಿಯ ತಮ್ಮ ವಿಠ್ಠಲರು ಹಿಂದೂ ತಂಡದ ನಾಯಕರಾದರು. ಆ ವರ್ಷ ಹಿಂದೂ ತಂಡ ಯುರೋಪಿಯನ್ನರನ್ನು ಸೋಲಿಸಿ ಪಂದ್ಯಾವಳಿಯನ್ನು ಗೆದ್ದಿತು. ಜನರು ನಾಯಕನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಮುಟ್ಟಬಾರದವರೆಂದು ಅಣ್ಣನಿಗೆ ಹೊರಗೆ ಕುಡಿಕೆಯಿಟ್ಟ ಸಮಾಜ ತಮ್ಮನನ್ನು ಹೆಗಲಿಗೇರಿಸಿಕೊಳ್ಳಲು ಸುಮಾರು ಮೂವತ್ತು ವರ್ಷಗಳು ಬೇಕಾದವು. ವಿಠ್ಠಲರು ೧೯೪೮ರಲ್ಲಿ ಮರಾಠಿಯಲ್ಲಿ ಪ್ರಕಟಿಸಿದ 'ಮಾಝೆ ಕ್ರೀಡಾಜೀವನ' ಎಂಬ ಆತ್ಮಚರಿತ್ರೆ ಈ ಇತಿಹಾಸಕ್ಕೆ ಒಳಗಿನ ಸಾಕ್ಷಿಯಾಗಿದೆ.

ಇದು ನಮ್ಮ ದೇಶದ ಪಾಡು ಮಾತ್ರವಲ್ಲ. ಇಂಗ್ಲೆಂಡಿನಲ್ಲಿ ಸಂಬಳಕ್ಕೆ ಆಡುವವರಿಗೂ ಹವ್ಯಾಸಿಗಳಿಗೂ ಬೇರೆ ಬೇರೆ ಕೋಣೆಗಳಿದ್ದವು. ಮೈದಾನಕ್ಕೆ ಇಳಿಯುವ ಬಾಗಿಲುಗಳೂ ಕೆಲವೆಡೆ ಬೇರೆ. ಅಲ್ಲಿಯೂ ದುಡಿಯುವವರಿಗೆ ಆಟ ಲಭಿಸಿತು, ನಾಯಕತ್ವ ಲಭಿಸಲಿಲ್ಲ. ಲೆನ್ ಹಟನ್ನರು ೧೯೫೨ರಲ್ಲಿ ಇಂಗ್ಲೆಂಡಿನ ನಾಯಕರಾದಾಗಲೇ ಆ ಕಟ್ಟಳೆ ಮುರಿಯಿತು, ೧೯೬೨ರಲ್ಲಿ ಆ ಭೇದವನ್ನೇ ರದ್ದುಪಡಿಸಿದರು. ವೆಸ್ಟ್ ಇಂಡೀಸಿನಲ್ಲಿ ಕರಿಯ ಆಟಗಾರರು ದಶಕಗಳ ಕಾಲ ತಂಡದ ಬೆನ್ನೆಲುಬಾಗಿದ್ದರೂ ಇಡಿಯ ಸರಣಿಯೊಂದಕ್ಕೆ ಅವರಲ್ಲೊಬ್ಬರು ನಾಯಕರಾದುದು ೧೯೬೦ರಲ್ಲಿ, ಫ್ರ್ಯಾಂಕ್ ವೊರೆಲ್ಲರ ಮೂಲಕ. ಈ ಮೂರು ದೇಶಗಳ ಚರಿತ್ರೆಯಿಂದ ಒಂದು ಸೂತ್ರ ಹೊರಡುತ್ತದೆ: ಕೆಳಗಿಟ್ಟವರ ಕೈಚಳಕವನ್ನು ಸಮಾಜ ಮೊದಲು ಒಪ್ಪುತ್ತದೆ, ಅವರ ಪಂಕ್ತಿಯನ್ನು ಆಮೇಲೆ ಒಪ್ಪುತ್ತದೆ, ಅವರ ಅಪ್ಪಣೆಯನ್ನು ಎಲ್ಲಕ್ಕೂ ಕಡೆಯಲ್ಲಿ ಒಪ್ಪುತ್ತದೆ.

೫

ವಿದ್ಯಾಮಂದಿರಗಳು ಇದಕ್ಕೆ ಹೊರತಾಗಿದ್ದವೆ? ಮುಂಬಯಿಯ ಎಲ್ಫಿನ್‌ಸ್ಟನ್ ಶಾಲೆಯಲ್ಲಿ ಬಾಲಕ ಭೀಮರಾವ್ ಲೆಕ್ಕ ಬಿಡಿಸಲು ಕರಿಹಲಗೆಯ ಬಳಿಗೆ ಹೋಗಲು ಎದ್ದಾಗ, ಹಲಗೆಯ ಹಿಂದಿಟ್ಟಿದ್ದ ತಮ್ಮ ಬುತ್ತಿಗಳನ್ನು ತೆಗೆದಿಡಲು ಉಳಿದ ಹುಡುಗರು ಓಡಿದ ಪ್ರಸಂಗ ಪ್ರಸಿದ್ಧವಾಗಿದೆ. ಸಂಸ್ಕೃತ ಕಲಿಯಬೇಕೆಂಬ ಆಸೆಗೆ ಅಡ್ಡಿ ಬಂದು ಅವರು ಪಾರಸಿ ಭಾಷೆಯನ್ನು ಆರಿಸಿಕೊಳ್ಳಬೇಕಾಯಿತು. ಇವು ಬಾಲಕನ ಅನುಭವಗಳು. ೧೯೧೮ರಲ್ಲಿ, ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಓದಿ ಬಂದ ಅದೇ ಭೀಮರಾವ್ ಅಂಬೇಡ್ಕರರು ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾದರು. ಬೇರೆ ಕಾಲೇಜುಗಳ ವಿದ್ಯಾರ್ಥಿಗಳೂ ಅವರ ಉಪನ್ಯಾಸಗಳನ್ನು ಕೇಳಲು ಬರುತ್ತಿದ್ದರು. ಆದರೆ ಅಧ್ಯಾಪಕರ ಕೋಣೆಯಲ್ಲಿಟ್ಟಿದ್ದ ಕುಡಿಯುವ ನೀರಿನ ಹೂಜಿಯನ್ನು ಅವರು ಮುಟ್ಟುವುದಕ್ಕೆ ಸಹೋದ್ಯೋಗಿಗಳಲ್ಲಿ ಕೆಲವರು ಆಕ್ಷೇಪಿಸಿದರು. ಪುಣೆಯ ಮೈದಾನದಲ್ಲಿ ಕುಡಿಕೆ, ಮುಂಬಯಿಯ ಕಾಲೇಜಿನಲ್ಲಿ ಹೂಜಿ. ವಿದ್ಯಾರ್ಥಿಗಳು ಉಪನ್ಯಾಸದ ತೂಕವನ್ನು ಅಳೆದರು. ವಿದ್ವಾಂಸರು ನೀರಿನ ಎಲ್ಲೆಯನ್ನು ಕಾದರು.

ಅಂಬೇಡ್ಕರರು ವಿದ್ಯಾರ್ಥಿಯಾಗಿದ್ದ ಕಾಲದಲ್ಲಿ ಬಾಳೂ ಅವರು ಅಸ್ಪೃಶ್ಯ ಸಮುದಾಯಗಳ ತರುಣರ ಕಣ್ಣಿಗೆ ಆದರ್ಶವಾಗಿದ್ದರು. ಕಾಲಕ್ರಮದಲ್ಲಿ ಇಬ್ಬರ ದಾರಿಗಳು ಬೇರೆಯಾದವು. ೧೯೩೨ರ ಸೆಪ್ಟೆಂಬರಿನ ಪುಣೆ ಒಪ್ಪಂದಕ್ಕೆ ಇಬ್ಬರೂ ಸಹಿಹಾಕಿದರಾದರೂ ಪ್ರತ್ಯೇಕ ಮತಕ್ಷೇತ್ರದ ಪ್ರಶ್ನೆಯಲ್ಲಿ ಬಾಳೂ ಅವರು ಗಾಂಧೀಜಿಯವರ ಪಕ್ಷದಲ್ಲಿದ್ದರು. ೧೯೩೭ರಲ್ಲಿ ಮುಂಬಯಿ ವಿಧಾನಸಭೆಯ ಚುನಾವಣೆಗೆ ಸ್ವತಂತ್ರ ಕಾರ್ಮಿಕ ಪಕ್ಷದ ನಾಯಕರಾಗಿ ಅಂಬೇಡ್ಕರರು ನಿಂತಾಗ, ಅವರ ಎದುರಿಗೆ ಕಾಂಗ್ರೆಸ್ಸು ಬಾಳೂ ಅವರನ್ನೇ ನಿಲ್ಲಿಸಿತು. ಅಂಬೇಡ್ಕರರಿಗೆ ೧೩,೨೪೫, ಬಾಳೂ ಅವರಿಗೆ ೧೧,೨೨೫ ಮತಗಳು ಬಂದವು.

ಈ ಸ್ಪರ್ಧೆಯನ್ನು ಇಬ್ಬರು ವ್ಯಕ್ತಿಗಳ ಕಲಹವೆಂದು ಓದದೆ ಗೌರವದ ಎರಡು ಕಲ್ಪನೆಗಳ ಮುಖಾಮುಖಿಯೆಂದು ಓದಿದರೆ ಹೆಚ್ಚು ಪ್ರಯೋಜನವಾದೀತು. ಬಾಳೂ ಅವರು ತಾಳ್ಮೆಯಿಂದ ದುಡಿದು, ಕೌಶಲದಿಂದ ಗೆದ್ದು, ಇದ್ದ ಸಮಾಜದಿಂದಲೇ ಮನ್ನಣೆಯನ್ನು ಪಡೆದವರು. ಆ ದಾರಿಯಲ್ಲಿ ಅವರಿಗೆ ನಂಬಿಕೆಯಿತ್ತು, ಅದರಿಂದ ಫಲವೂ ದೊರೆತಿತ್ತು. ಅಂಬೇಡ್ಕರರ ಪ್ರಶ್ನೆ ಬೇರೆ: ಚೆಂಡೆಸೆಯಲು ಬಾರದ, ಪದವಿ ಪಡೆಯದ, ಹೆಸರಿಲ್ಲದ ಮನುಷ್ಯನಿಗೆ ಹೂಜಿಯ ನೀರು ದೊರೆಯುವುದು ಯಾವಾಗ? ಪ್ರತಿಭೆಗೆ ಸಲ್ಲುವ ಗೌರವ ಪ್ರತಿಭಾವಂತನೊಬ್ಬನನ್ನು ಎಲ್ಲೆಯಿಂದ ಒಳಗೆ ಕರೆದುಕೊಳ್ಳುತ್ತದೆ; ಎಲ್ಲೆಯನ್ನು ಅಳಿಸುವುದಿಲ್ಲ. ಅಳಿಸಲು ವಿದ್ಯೆಯೂ ಸಂಘಟನೆಯೂ ಕಾಯಿದೆಯೂ ಬೇಕೆಂದು ಅವರು ತಿಳಿದರು. ಧಾರವಾಡದಲ್ಲಿ ೧೯೨೦ರ ದಶಕದ ಕೊನೆಗೆ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗಾಗಿ ಅವರು ತೆರೆದ ವಸತಿನಿಲಯವೂ ಮುಂಬಯಿಯಲ್ಲಿ ೧೯೪೬ರಲ್ಲಿ ಆರಂಭಿಸಿದ ಸಿದ್ಧಾರ್ಥ ಕಾಲೇಜೂ ಇದೇ ತಿಳಿವಿನ ಫಲಗಳು.

ನಮ್ಮ ಆದಿಕವಿ ಪಂಪನ ಕಾವ್ಯವನ್ನು ಬಲ್ಲವರಿಗೆ ಇಲ್ಲಿ ಕರ್ಣನ ನೆನಪಾಗದಿರದು. ಶಸ್ತ್ರವಿದ್ಯೆಯ ಪ್ರದರ್ಶನಕ್ಕೆಂದು ಕಟ್ಟಿದ ರಂಗದಲ್ಲಿ ಅವನ ಬಿಲ್ಲೋಜೆಯನ್ನು ಕಂಡವರು ಅವನ ಕುಲವನ್ನು ಕೇಳಿದರು. ದುರ್ಯೋಧನನು ಅಲ್ಲಿಯೇ ಅವನಿಗೆ ಅಂಗರಾಜ್ಯದ ಪಟ್ಟವನ್ನು ಕಟ್ಟಿ ಬಾಯಿಮುಚ್ಚಿಸಿದನು. ಅದು ಉದಾರಕಾರ್ಯವೇ ಸರಿ. ಆದರೆ ಕುಲವನ್ನು ಕೇಳುವ ಕಟ್ಟಳೆ ಆ ರಂಗದಲ್ಲಿ ಹಾಗೆಯೇ ಉಳಿಯಿತು. ಕರ್ಣನೊಬ್ಬನಿಗೆ ಮಾತ್ರ ಉತ್ತರ ದೊರೆಯಿತು. ಅವನ ಜೊತೆಯ ಬೇರೊಬ್ಬ ಸೂತಪುತ್ರ ಮರುದಿನ ಬಂದಿದ್ದರೆ ಅದೇ ಪ್ರಶ್ನೆಯನ್ನು ಎದುರಿಸಬೇಕಾಗಿತ್ತು. ಪಟ್ಟದಿಂದ ಬಂದ ಗೌರವ ಕೊಟ್ಟವನ ಋಣವಾಗಿ ಕರ್ಣನ ಕೊರಳಿಗೆ ಕೊನೆಯವರೆಗೂ ಬಿಗಿದುಕೊಂಡಿತ್ತೆಂಬುದನ್ನೂ ಮರೆಯಲಾಗದು.

೬

ಕಲೆಯ ಕ್ಷೇತ್ರಕ್ಕೆ ಬಂದರೆ ಧಾರವಾಡದಲ್ಲಿಯೇ ೧೯೧೩ರ ಮಾರ್ಚಿನಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ಲರ ಬಾಳು ನಮ್ಮೆದುರಿಗೆ ನಿಲ್ಲುತ್ತದೆ. ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತದ ಗಾಯಕಿ. ವಾಸವಾಗಿದ್ದುದು ಬ್ರಾಹ್ಮಣರು ಬಹುಸಂಖ್ಯರಾಗಿದ್ದ ಶುಕ್ರವಾರಪೇಟೆಯಲ್ಲಿ. ನೆರೆಯ ಸಿರಿವಂತರ ತೋಟಕ್ಕೆ ಮಾವಿನಹಣ್ಣಿಗಾಗಿ ಹೊಕ್ಕಾಗ ತಾನು ಬೈಸಿಕೊಂಡುದನ್ನು ಅವರು ಮುಂದೆ ನೆನೆದಿದ್ದಾರೆ. ಆ ಮನೆಯವರ ಕೋಪ ಹಣ್ಣು ಹ್ಯೂದುದಕ್ಕಲ್ಲ, ಹಾಡುವವಳ ಮಗಳು ತೋಟವನ್ನು ಮೆಟ್ಟಿದುದಕ್ಕೆ. ಅದೇ ಮನೆಯವರು ತಮ್ಮನ್ನು ಔತಣಕ್ಕೆ ಕರೆಯುವ ಕಾಲವೂ ಬಂದಿತೆಂದು ಅವರು ಕಹಿಯಿಲ್ಲದೆ ಹೇಳಿಕೊಂಡಿದ್ದಾರೆ. ೧೯೨೪ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಗಾಂಧೀಜಿಯವರ ಮುಂದೆ ಸ್ವಾಗತಗೀತೆಯನ್ನು ಹಾಡಿದ ಬಾಲಿಕೆಯರಲ್ಲಿ ಅವರೂ ಒಬ್ಬರು. ಆ ಹನ್ನೊಂದರ ಹುಡುಗಿಗೆ ಹಾಡಿನ ವಿಷಯದಲ್ಲಿ ಅಳುಕಿರಲಿಲ್ಲ. ಊಟದ ಎಲೆಯ ಮುಂದೆ ತನ್ನನ್ನು ಬೇರೆಯಾಗಿ ಕಾಣುವರೋ ಎಂಬ ಅಳುಕಿತ್ತು. ಕುಡಿಕೆ, ಹೂಜಿ, ಎಲೆ: ಆಟಗಾರನಿಗೂ ಪಂಡಿತನಿಗೂ ಗಾಯಕಿಗೂ ಗೌರವದ ಪರೀಕ್ಷೆ ನಡೆದದ್ದು ಅವರವರ ವಿದ್ಯೆಯಲ್ಲಿ ಅಲ್ಲ, ಉಣ್ಣುವ ಕುಡಿಯುವ ಎಡೆಯಲ್ಲಿ.

ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡುತ್ತ ಸವಾಯಿ ಗಂಧರ್ವರಲ್ಲಿ ಕಿರಾಣಾ ಪದ್ಧತಿಯನ್ನು ಸಾಧಿಸಿದ ಗಂಗೂಬಾಯಿಯವರಿಗೆ ಮುಂಬಯಿಯ ರಸಿಕರೂ ಧ್ವನಿಮುದ್ರಣ ಸಂಸ್ಥೆಗಳೂ ೧೯೩೦ರ ದಶಕದಲ್ಲಿ ವೇದಿಕೆಯಾದವು. ೧೯೭೧ರಲ್ಲಿ ಪದ್ಮಭೂಷಣ, ೨೦೦೨ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳು ಬಂದವು. ೨೦೦೯ರಲ್ಲಿ ಅವರು ತೀರಿಕೊಂಡ ಮೇಲೆ ಮೈಸೂರಿನ ಸಂಗೀತ ವಿಶ್ವವಿದ್ಯಾನಿಲಯ ಅವರ ಹೆಸರನ್ನು ಹೊತ್ತಿತು. ಇಷ್ಟಾದರೂ ಒಂದು ಸಂಗತಿಯನ್ನು ಅವರು ಬಿಡದೆ ಎತ್ತಿ ತೋರಿಸುತ್ತಿದ್ದರು. ಗಂಡಸು ದೊಡ್ಡ ಗಾಯಕನಾದರೆ ಅವನು ಉಸ್ತಾದನೋ ಪಂಡಿತನೋ ಆಗುತ್ತಾನೆ. ಕೇಸರಬಾಯಿ ಕೇರಕರ, ಮೋಗೂಬಾಯಿ ಕುರ್ಡೀಕರರಂತಹ ಮಹಾಗಾಯಕಿಯರು ಮಾತ್ರ ಎಷ್ಟು ಹಾಡಿದರೂ 'ಬಾಯಿ'ಗಳಾಗಿಯೇ ಉಳಿಯುತ್ತಾರೆ ಎಂಬುದು ಅವರ ಮಾತಿನ ಸಾರ.

ಈ ಮಾತು ಕನ್ನಡಿಗರಿಗೆ ಬೇಗನೆ ನಾಟಬೇಕು. ಏಕೆಂದರೆ ನಮ್ಮ ಭಾಷೆ ಕ್ರಿಯಾಪದದ ತುದಿಯಲ್ಲಿಯೇ ಗೌರವವನ್ನು ಕಟ್ಟಿಟ್ಟಿದೆ. 'ಆಡಿದನು', 'ಆಡಿದರು', 'ಹಾಡಿದಳು', 'ಹಾಡಿದರು'. ಅರಸರಿಗೆ, ಅಧಿಕಾರಿಗಳಿಗೆ, ಪಂಡಿತರಿಗೆ ಬಹುವಚನವನ್ನು ಕೊಟ್ಟು, ಅಂಗಳ ಗುಡಿಸುವವನಿಗೆ, ಮದ್ದಲೆ ಹೊರುವವನಿಗೆ, ಹಾಡುವ ಹೆಣ್ಣಿಗೆ ಏಕವಚನವನ್ನು ಮೀಸಲಿಟ್ಟ ಬರಹಗಳು ನಮ್ಮಲ್ಲಿ ಬೇಕಾದಷ್ಟಿವೆ. ಪುರಾಣಕಾವ್ಯಗಳ ಪಾತ್ರಗಳಿಗೂ ಕವಿಗಳಿಗೂ ಏಕವಚನ ಸಂಪ್ರದಾಯಸಿದ್ಧ. ಅದರಲ್ಲಿ ಸಲಿಗೆಯ ಭಕ್ತಿಯಿದೆ. ಮಹಾರಾಜರು 'ಬಂದರು', ಬೌಲರನು 'ಬಂದನು' ಎಂದು ಒಂದೇ ವಾಕ್ಯದಲ್ಲಿ ಬರೆಯುವುದರಲ್ಲಿ ಮಾತ್ರ ಭಕ್ತಿಯೂ ಇಲ್ಲ, ಸಲಿಗೆಯೂ ಇಲ್ಲ. ಚರಿತ್ರೆಯನ್ನು ಬರೆಯುವವರು ತಮ್ಮ ಕ್ರಿಯಾಪದಗಳನ್ನೂ ಒಮ್ಮೆ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

೭

ಸಮುದಾಯಗಳ ಹೆಸರಿನಲ್ಲಿ ನಡೆದ ಆ ಪಂದ್ಯಾವಳಿ ೧೯೪೬ರಲ್ಲಿ ನಿಂತುಹೋಯಿತು. ಸಂವಿಧಾನದ ೧೭ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. ಅದರ ಆಚರಣೆಯನ್ನು ಅಪರಾಧವೆಂದು ಸಾರಿದ ಕಾಯಿದೆ ೧೯೫೫ರ ಜೂನ್ ೧ರಂದು ಜಾರಿಗೆ ಬಂದಿತು. ಅದೇ ವರ್ಷದ ಜುಲೈ ೪ರಂದು ಬಾಳೂ ಅವರು ಮುಂಬಯಿಯಲ್ಲಿ ನಿಧನರಾದರು. ಪುಣೆಯಲ್ಲಿ ಅವರ ಮುಂದಿಟ್ಟ ಮಣ್ಣಿನ ಕುಡಿಕೆ ಅಪರಾಧವೆನಿಸಿದ ನಾಡಿನಲ್ಲಿ ಅವರು ಬಾಳಿದ್ದು ೩೪ ದಿನಗಳು.

ಆದರೆ ಕಾಯಿದೆಯಿಂದ ಕುಡಿಕೆಯನ್ನು ತೆಗೆಸಬಹುದಲ್ಲದೆ ಕಣ್ಣೋಟವನ್ನು ತಿದ್ದಲಾಗದು. ಇಂದಿನ ಕಾಲೇಜುಗಳಲ್ಲಿ ಹೂಜಿ ಎಲ್ಲರಿಗೂ ಒಂದೇ. ಆದರೂ ಸೀಟು ಹೇಗೆ ದೊರೆಯಿತೆಂಬ ಪ್ರಶ್ನೆ, ಉಪನಾಮವನ್ನು ತಿಳಿಯುವ ಕುತೂಹಲ, ತಂಡದ ಆಯ್ಕೆಯ ಮುನ್ನ ಕೇಳಿಬರುವ ಪಿಸುಮಾತು, ಗಾಯಕಿಯ ಸಂಸಾರದ ವಿಚಾರಣೆ ಇವೆಲ್ಲ ಆ ಹಳೆಯ ಕುಡಿಕೆಯ ಚೂರುಗಳೇ. ಇವುಗಳಿಗೆ ಮದ್ದು ಹೆಚ್ಚಿನ ಸನ್ಮಾನ ಸಮಾರಂಭಗಳಲ್ಲ. ಶಾಲುಹಾರಗಳ ಮನ್ನಣೆ ಬಾಳೂ ಅವರಿಗೂ ಸಾಕಷ್ಟು ದೊರೆತಿತ್ತು. ದೊರೆಯದೆ ಹೋದುದು ತಂಡವನ್ನು ನಡೆಸುವ ಹಕ್ಕು. ಆದ್ದರಿಂದ ಒಂದು ಸಂಸ್ಥೆಯಲ್ಲಿ ಗೌರವವಿದೆಯೇ ಇಲ್ಲವೇ ಎಂಬುದನ್ನು ತಿಳಿಯಬೇಕಾದವರು ಅಲ್ಲಿ ಯಾರಿಗೆ ಹಾರ ಹಾಕಿದರೆಂಬುದನ್ನು ನೋಡಿದರೆ ಸಾಲದು. ಯಾರು ಯಾರ ಪಕ್ಕದಲ್ಲಿ ಉಣ್ಣುತ್ತಾರೆ, ಯಾರ ಅಪ್ಪಣೆಗೆ ಯಾರು ನಡೆಯುತ್ತಾರೆ ಎಂಬುದನ್ನು ನೋಡಬೇಕು. ಈ ಅಳತೆಗೋಲು ಪರರಿಗೆ ಮಾತ್ರವಲ್ಲ, ಈ ನಗರದ ನಮ್ಮ ಸಂಘಗಳಿಗೂ ಸಮಿತಿಗಳಿಗೂ ಮನೆಗಳಿಗೂ ಅನ್ವಯಿಸುತ್ತದೆ. ಹೋಟೆಲಿನ ಮುಂಭಾಗದಲ್ಲಿ ಎಲ್ಲರಿಗೂ ಒಂದೇ ಬಟ್ಟಲಿನಲ್ಲಿ ಚಹ ಕೊಟ್ಟ ನಾವು ಮನೆಗೆಲಸದವರಿಗೆ ಬೇರೆಯ ಬಟ್ಟಲನ್ನು ಎತ್ತಿಡುತ್ತೇವೆಯೇ ಎಂಬುದನ್ನು ನಾವೇ ಕೇಳಿಕೊಳ್ಳಬೇಕು.

ಪ್ರಭಾದೇವಿಯ ಆ ರಸ್ತೆ ದೊಡ್ಡದೇನೂ ಅಲ್ಲ. ಶಿವಾಜಿ ಪಾರ್ಕಿನಲ್ಲಿ ಆಡಲು ಚೀಲ ಹೊತ್ತು ಹೋಗುವ ಹುಡುಗರು ಅದರ ಆಸುಪಾಸಿನಲ್ಲಿ ಪ್ರತಿದಿನ ಹಾಯುತ್ತಾರೆ. ಆ ಹುಡುಗರಿಗೆ ಎಸೆತದ ತಿರುವನ್ನು ಹೇಳಿಕೊಡುವ ಗುರುಗಳು ದಾದರಿನಲ್ಲಿ ಬಹಳ ಮಂದಿ. ರಸ್ತೆಯ ಫಲಕದ ಮೇಲಿನ ಹೆಸರು ಯಾರದೆಂಬುದನ್ನೂ, ಹಾರವು ತನ್ನದಲ್ಲವೆಂದು ಸಭೆಯಲ್ಲಿ ನುಡಿದ ನಾಯಕನೊಬ್ಬನಿದ್ದನೆಂಬುದನ್ನೂ ಅವರು ಹೇಳಿಕೊಡುವಂತಾದರೆ ಈ ಚರಿತ್ರೆಯನ್ನು ಬರೆದುದು ಸಾರ್ಥಕವಾದೀತು.